ಬಡತನಕ್ಕೆ ಅತ್ತೆಯ ಸಾಕ್ಷಿ

ಗೃಹಸಾಲದ ತಪಾಸಣೆಗೆ ಬ್ಯಾಂಕಿನ ಮೇಡಂ ಬರುವ ದಿನವೇ ಅತ್ತೆಯೂ ಬಂದಿಳಿಯಬೇಕೇ? ಬೆಳಗಿನ ಬಸ್ಸಿನಿಂದ ಎರಡು ದೊಡ್ಡ ಚೀಲಗಳ ಸಮೇತ ಇಳಿದ ಆಕೆಯನ್ನು ಕಂಡಾಗಲೇ ವಾಲ್ವ್‌ಮ್ಯಾನ್ ಇವತ್ತು ತನ್ನ ಕಥೆ ಮುಗಿಯಿತು ಎಂದುಕೊಂಡ.

ಅವನ ಕೆಲಸ ಬೆಟ್ಟದ ನೆತ್ತಿಯ ಟ್ಯಾಂಕಿನಿಂದ ಇಳಿಜಾರಿನ ಮನೆಗಳಿಗೆ ಸರದಿಯಂತೆ ನೀರು ಬಿಡುವುದು. ಮೇಲಿನವರಿಗೆ ಬಿಟ್ಟರೆ ಕೆಳಗಿನವರು ಬೈಯುತ್ತಾರೆ, ಕೆಳಗಿನವರಿಗೆ ಬಿಟ್ಟರೆ ಮೇಲಿನವರು. ಮದುವೆಯ ಮಾತುಕತೆಯಲ್ಲಿ ಈ ಕೆಲಸ ಅದು ಹೇಗೋ ‘ಜಲ ವಿತರಣಾ ಎಂಜಿನಿಯರ್’ ಆಗಿಬಿಟ್ಟಿತ್ತು. (ಹಾಗೆಂದವನು ಅವನೇ. ಆಮೇಲೆ ಮಾತನ್ನು ಹಿಂದಕ್ಕೆ ಪಡೆಯಲು ಮುಹೂರ್ತ ಕೂಡಿಬರಲಿಲ್ಲ, ಅಷ್ಟೆ.)

ಈಗ ಬಾಡಿಗೆ ಮನೆಯ ಮಾಲೀಕ ಖಾಲಿ ಮಾಡಿ ಎಂದು ಕೂತಿದ್ದಾನೆ. ರಸ್ತೆಯ ತಿರುವಿನ ಕೆಳಗೆ ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿದೆ. ಅದನ್ನು ಆಗಲೇ ಇನ್ನೊಬ್ಬ ಗಿರಾಕಿ ನೋಡಿಕೊಂಡು ಹೋಗಿದ್ದಾನೆ. ಕೊಳ್ಳಲು ಇರುವ ಒಂದೇ ದಾರಿಯೆಂದರೆ ಬೆಟ್ಟದ ಹಳ್ಳಿಗಳಿಗೆ ಕೊಡುವ ಗ್ರಾಮೀಣ ಸಾಲ. ಅದು ಆದಾಯ ಕಡಿಮೆಯಿದ್ದವರಿಗೆ ಮಾತ್ರ. ವಾಲ್ವ್‌ಮ್ಯಾನ್‌ಗೆ ಸಿಗುತ್ತದೆ, ಎಂಜಿನಿಯರಿಗೆ ಸಿಗುವುದಿಲ್ಲ.

“ರೀ, ಇವತ್ತೊಂದಿನ ನಿಮ್ಮ ಎಂಜಿನಿಯರಿಂಗ್ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ,” ಎಂದು ಹೆಂಡತಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. “ಇದ್ದದ್ದನ್ನ ಇದ್ದ ಹಾಗೆ ಹೇಳಿ.”

“ನಿಮ್ಮಮ್ಮನ ಮುಂದೇನೆ? ಅವರನ್ನ ಸ್ವಲ್ಪ ಪಕ್ಕದ್ಮನೆಗೆ ಕಳಿಸೇ!”

“ಮಂಡಿ ನೋವಂತೆ, ಕೂತಲ್ಲಿಂದ ಏಳಲ್ಲ ಅಂತಿದಾಳೆ. ಸಾಲ ಸಿಗದಿದ್ರೆ ನೆನಪಿಟ್ಕೊಳ್ಳಿ, ನಾವೆಲ್ಲ ಆ ಟ್ಯಾಂಕ್ ಮೇಲೇ ಸಂಸಾರ ಹೂಡೋದು!”

ಅಷ್ಟರಲ್ಲಿ ಮೇಡಂ ಏದುಸಿರು ಬಿಡುತ್ತಾ ಬಂದೇಬಿಟ್ಟರು.

“ಹೊರಗೆ ಒಳ್ಳೆ ಗಾಳಿ ಇದೆ ಮೇಡಂ, ಅಲ್ಲೇ ಕೂತು ಮಾತಾಡೋಣ,” ಎಂದ ವಾಲ್ವ್‌ಮ್ಯಾನ್.

“ಬೇಡಪ್ಪಾ. ಈ ಏರು ಹತ್ತಿ ಎರಡು ಜನ್ಮಕ್ಕಾಗುವಷ್ಟು ಗಾಳಿ ಕುಡಿದಿದೀನಿ.” ಮೇಡಂ ಕುರ್ಚಿಯಲ್ಲಿ ಕುಸಿದು ಫೈಲು ಬಿಚ್ಚಿದರು. “ಹೂಂ, ಉದ್ಯೋಗ ಹೇಳಿ.”

ಅತ್ತೆ ಕನ್ನಡಕ ಏರಿಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಎತ್ತಿದ ಸೌಟನ್ನು ಇಳಿಸದೆ ನಿಂತಳು. ಅವನು ‘ವಾಲ್ವ್’ ಎಂದು ಹೇಳಲೆಂದೇ ಬಾಯಿ ತೆರೆದ.

“ಎಂಜಿನಿಯರ್,” ಎಂದುಬಿಟ್ಟಿತು ಬಾಯಿ.

ಮೇಡಂ ಪೆನ್ನು ಕೆಳಗಿಟ್ಟರು. “ಸಂಬಳದ ಚೀಟಿಯಲ್ಲಿ ಒಂದಿದೆ, ಬಾಯಲ್ಲಿ ಒಂದು ಬರ್ತಿದೆ. ಬೇರೆ ಆದಾಯ ಏನು ಮುಚ್ಚಿಟ್ಟಿದೀರೋ! ನೀವು ಈ ಸಾಲಕ್ಕೆ ಬರಲ್ಲ ಬಿಡಿ.”

“ಅಯ್ಯೋ, ಸುಳ್ಳು ಮೇಡಂ! ಇವರು ವಾಲ್ವ್ ತಿರುಗಿಸೋರು!” ಹೆಂಡತಿಯ ದನಿ ಅಳುವಿನಂಚಿಗೆ ಬಂದಿತ್ತು.

“ಸಾಲ ಹೋಗುತ್ತೆ ಅಂದ ಕೂಡಲೇ ಎಲ್ಲರೂ ಹೀಗೇ ಹೇಳೋದಮ್ಮಾ.” ಮೇಡಂ ಫೈಲು ಮಡಚಿ ಎದ್ದೇ ನಿಂತರು.

“ಕೂತ್ಕೊಳ್ಳಿ ತಾಯಿ, ನನ್ನನ್ನ ಕೇಳಿ,” ಎಂದರು ಅತ್ತೆ. “ಮದುವೆ ಆದ ವಾರವೇ ಇಲ್ಲಿಗೆ ಬಂದಿದ್ದೆ. ನೀರು ಬಂದಿಲ್ಲ ಅಂತ ನಲ್ಲಿ ಹತ್ರ ಹೆಂಗಸರೆಲ್ಲ ವಾಲ್ವ್‌ಮ್ಯಾನ್‌ಗೆ ಶಾಪ ಹಾಕ್ತಿದ್ರು. ಯಾವನಪ್ಪಾ ಈ ಪಾಪಿ ಅಂತ ನಾನೂ ಎರಡು ಮಾತು ಸೇರಿಸಿದೆ. ಆಮೇಲೆ ನೋಡಿದ್ರೆ, ಸೈಕಲ್ ತಳ್ಕೊಂಡು ಬಂದ ಪಾಪಿ ನಮ್ಮ ಅಳಿಯಂದಿರೇ!”

“ಅತ್ತೆ... ನಿಮಗೆ ಅವತ್ತಿಂದ ಗೊತ್ತಿತ್ತಾ?”

“ನೀವಾಗೇ ಹೇಳ್ತೀರಿ ಅಂತ ಕಾದೆ. ನೀವು ಎಲ್ಲಿ ಹೇಳ್ತೀರಿ!” ಎಂದವರೇ ಅತ್ತೆ ಸಾಕ್ಷ್ಯ ಮುಂದುವರಿಸಿದರು. “ಆ ಅಂಗಿ ನೋಡಿ, ನಮ್ಮೆಜಮಾನ್ರದ್ದು. ಕಾಲರ್ ಮಗುಚಿ ಹೊಲಿಸಿದಾರೆ. ಕಪಾಟು ನಾನು ಕೊಟ್ಟಿದ್ದು. ನೀವು ಕೂತಿದ್ರಲ್ಲ ಕುರ್ಚಿ, ಅದು ಪಕ್ಕದ್ಮನೇದು.”

ಮೇಡಂ ಕೂತರು. ಫೈಲು ಮತ್ತೆ ತೆರೆಯಿತು, ಪೆನ್ನು ಓಡತೊಡಗಿತು. ಅವನ ಮಾನ ಒಂದೊಂದೇ ಪದರವಾಗಿ ಕಳಚಿ ಬಿದ್ದಂತೆಲ್ಲ ಹೆಂಡತಿಯ ಮುಖ ಅರಳುತ್ತಾ ಹೋಯಿತು. ಕೊನೆಗೆ ಅವನಿಗೇ ಉಮೇದು ಬಂದು, “ಈ ವಾಚೂ ಓಡಲ್ಲ ಮೇಡಂ, ಸುಮ್ನೆ ಕಟ್ಕೊಂಡಿದೀನಿ!” ಎಂದು ಬಿಚ್ಚಿ ತೋರಿಸಿದ.

“ಬಡತನದ ವಿಷಯದಲ್ಲಿ ನೀವು ಪಾಸು,” ಎಂದರು ಮೇಡಂ. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. “ಆದ್ರೆ ಇಷ್ಟೊಂದು ಬಡವರಾದ್ರೆ ಸಾಲ ತೀರಿಸೋದು ಹೇಗೆ? ಜೊತೆಗೆ ಇನ್ನೊಬ್ಬರು ರುಜು ಹಾಕಬೇಕು. ಚಿಕ್ಕದಾದ್ರೂ ಖಾಯಂ ವರಮಾನ ಇರೋರು.”

ವಾಲ್ವ್‌ಮ್ಯಾನ್ ಗೋಡೆ ನೋಡಿದ, ಹೆಂಡತಿ ನೆಲ ನೋಡಿದಳು.

“ನನಗೆ ಪಿಂಚಣಿ ಬರುತ್ತಲ್ಲ,” ಎಂದರು ಅತ್ತೆ.

“ಅತ್ತೆ, ನೀವು ದೇವರು!” ಅಳಿಯ ರುಜು ಹಾಕಿಯೇಬಿಟ್ಟು, ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಆಕೆಗೆ ಒಪ್ಪಿಸಿದ. ಅತ್ತೆ ನಿಧಾನವಾಗಿ, ಚೆಂದದ ಅಕ್ಷರದಲ್ಲಿ ಹೆಸರು ಬರೆದರು.

“ಒಂದು ನಿಯಮ ಇದೆ,” ಎಂದರು ಮೇಡಂ ಫೈಲು ಕಟ್ಟುತ್ತಾ. “ರುಜು ಹಾಕಿದೋರೆಲ್ಲ ಅದೇ ಮನೇಲಿ ವಾಸ ಮಾಡಬೇಕು. ಸಾಲ ತೀರೋವರೆಗೂ.”

“ಅಂದ್ರೆ... ಎಷ್ಟು ವರ್ಷ?” ಎಂದ ಅಳಿಯ.

“ಇಪ್ಪತ್ತು.”

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಮಂಡಿ ಒಂದು ಬಿಟ್ರೆ,” ಎಂದರು ಅಳಿಯನತ್ತ ನೋಡಿ, “ಡಾಕ್ಟ್ರು ನಂದು ಕಲ್ಲಿನಂಥ ದೇಹ ಅಂದಿದಾರೆ.”