ಮರಳಿ ಬಂದ ಶೇಂಗಾ ಹೋಳಿಗೆ

ಬೈಗುಳವನ್ನು ಹೇಗಾದರೂ ಅರಗಿಸಿಕೊಳ್ಳಬಹುದು; ಅದರಲ್ಲಿ ಅನುಮಾನಕ್ಕೆ ಜಾಗವಿರುವುದಿಲ್ಲ. ನನ್ನ ತಲೆ ಕೆಡಿಸುವುದು ಹೊಗಳಿಕೆ. ಮದುವೆಯಾಗಿ ಧಾರವಾಡದ ಮನೆಗೆ ಬಂದ ಹೊಸದರಲ್ಲಿ ಮರೆತು ಹಾಲು ಉಕ್ಕಿಸಿ ಚೆಲ್ಲಿದರೂ, ಹೋಳಿಗೆ ಹರಿಯದಂತೆ ಲಟ್ಟಿಸಿದರೂ ನಮ್ಮ ಅತ್ತೆಯದು ಒಂದೇ ಮಾತು: "ಭಾಳ ಶಾಣ್ಯಾಕಿ ಬಿಡವಾ ನೀ!" ಯಾವುದಕ್ಕೆ ಹಿಗ್ಗಬೇಕು, ಯಾವುದಕ್ಕೆ ತಲೆ ತಗ್ಗಿಸಬೇಕು ಎಂದು ತಿಳಿಯುವಷ್ಟರಲ್ಲಿ ನಾವು ಅಬುಧಾಬಿಗೆ ಬಂದುಬಿಟ್ಟೆವು.

ಈಗ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಎದುರು ಫ್ಲ್ಯಾಟಿನ ಹಾಂಗ್‌ಕಾಂಗ್ ಹೆಣ್ಣುಮಗಳು ಮಿಸೆಸ್ ಲಾಮ್ ಅತ್ತೆಯ ಜಾಗ ತುಂಬಿದ್ದಾಳೆ. ಅವಳ ಕ್ಯಾಂಟನೀಸ್ ಭಾಷೆಯಲ್ಲಿ "ಹೋ ಲೆಕ್" ಅಂದರೆ ಭಾಳ ಶಾಣ್ಯಾ ಅಂತ. ಮನಸಾರೆ ಮೆಚ್ಚಿದರೂ ಅದೇ, ಚುಚ್ಚಿದರೂ ಅದೇ. ಮಗ ಕ್ಲಾಸಿಗೆ ಮೊದಲು ಬಂದರೆ "ಹೋ ಲೆಕ್", ಗಂಡ ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡರೂ "ಹೋ ಲೆಕ್". ನಮ್ಮಿಬ್ಬರ ಮಾತೆಲ್ಲ ಹರಕು ಇಂಗ್ಲಿಷಿನಲ್ಲಿ. ಹರಕಾದರೇನು, ಕಾರು ಓಡಿಸಲು ಬಾರದ ನನಗೆ ಇಲ್ಲಿ ಹಗಲು ಚಹಾಕ್ಕೆ ಜೊತೆಯೆಂದರೆ ಅವಳೊಬ್ಬಳೇ.

ಗಣೇಶ ಚೌತಿಗೆ ಅವಳಿಗೊಂದು ಡಬ್ಬಿ ಶೇಂಗಾ ಹೋಳಿಗೆ ಕೊಟ್ಟೆ. ಅಲ್ಲೇ ಮುರಿದು ಬಾಯಿಗಿಟ್ಟು "ಹೋ ಲೆಕ್!" ಎಂದಳು. ಹಿಗ್ಗಿದೆ. ಮರುದಿನ ಡಬ್ಬಿ ಬಂತು. ನಮ್ಮಲ್ಲಿ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ, ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತೇವೆ. ಅವಳೂ ಖಾಲಿ ಕಳಿಸಿರಲಿಲ್ಲ. ಒಳಗೆ ನನ್ನವೇ ಎರಡು ಹೋಳಿಗೆ!

"ತಿನ್ನಾಕ ಆಗಿಲ್ಲ, ತಿರುಗಿ ಕಳಿಸ್ಯಾಳ," ಎಂದರು ನಮ್ಮವರು, ಅವುಗಳಲ್ಲೇ ಒಂದಕ್ಕೆ ತುಪ್ಪ ಹಚ್ಚಿಕೊಳ್ಳುತ್ತ.

"ಅಷ್ಟು ಕೆಟ್ಟ ಆಗ್ಯಾವೇನ್ರೀ?"

"ನನಗೇನೋ ರೂಢಿ ಆಗೇದ."

"ಚಿಲ್ ಅಮ್ಮಾ," ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.

ಹೇಗೆ ಚಿಲ್ ಆಗಲಿ? ವಾರವಿಡೀ ತಲೆನೋವೆಂದು ಚಹಾ ತಪ್ಪಿಸಿದೆ. ಒಬ್ಬಳೇ ಕುಡಿದ ಚಹಾಕ್ಕೆ ಎಷ್ಟು ಶುಂಠಿ ಜಜ್ಜಿ ಹಾಕಿದರೂ ಸಪ್ಪೆ. ಕೊನೆಗೆ ಲಾಮ್ ತಾನೇ ತಲೆನೋವಿನ ಎಣ್ಣೆ ಹಿಡಿದು ಬಂದಳು. "ಗುಸ್ಸಾ?" ಎಂದಳು, ಅವಳಿಗೆ ಬರುವ ಹಿಂದಿ ಅಷ್ಟೇ. ನಾನು ಹೋಳಿಗೆಯ ದುಃಖವನ್ನೆಲ್ಲ ಕಕ್ಕಿದೆ. ಅವಳು ಹೌಹಾರಿದಳು. ಅವರ ಮನೆಯಲ್ಲಿ ಹಬ್ಬಕ್ಕೆ ಕೊಟ್ಟದ್ದನ್ನು ಪೂರ್ತಿ ಇಟ್ಟುಕೊಂಡರೆ ಆಸೆಬುರುಕತನವಂತೆ. ಸ್ವಲ್ಪ ತಿರುಗಿ ಕೊಡುವುದೇ ಮರ್ಯಾದೆಯಂತೆ. "ಆ ಎರಡನ್ನು ಡಬ್ಬಿಗೆ ಹಾಕುವಾಗ ನನ್ನ ಗಂಡ ಅಳುವುದೊಂದು ಬಾಕಿ," ಎಂದಳು.

ಸಮಾಧಾನಕ್ಕೆಂದು ತಮ್ಮ ಹಬ್ಬದ ಮೂನ್‌ಕೇಕಿನ ಡಬ್ಬಿಯನ್ನೂ ಕೊಟ್ಟುಹೋದಳು. ಒಳಗೆ ನಾಲ್ಕಿದ್ದವು. ಒಂದನ್ನು ಕೊಯ್ದರೆ ನಟ್ಟನಡುವೆ ಬಾತುಕೋಳಿ ಮೊಟ್ಟೆಯ ಹಳದಿ ಭಂಡಾರ! ನಾವೋ ಮೊಟ್ಟೆ ಮುಟ್ಟದವರು. ಈಗಷ್ಟೇ ಕೂಡಿದ ಸ್ನೇಹ, ಬೇಡವೆನ್ನುವುದು ಹೇಗೆ? ಥಟ್ಟನೆ ಹೊಳೆಯಿತು. ಕೊಯ್ದದ್ದನ್ನು ವಾಚ್‌ಮನ್‌ಗೆ ಕೊಟ್ಟು, ಉಳಿದ ಮೂರನ್ನೂ ಅದೇ ಡಬ್ಬಿಯಲ್ಲಿಟ್ಟು ಮರುದಿನ ಎದುರು ಬಾಗಿಲು ತಟ್ಟಿದೆ. "ನಿಮ್ಮ ಪದ್ಧತಿ," ಎಂದು ಎರಡೂ ಕೈಯಿಂದ ಒಪ್ಪಿಸಿದೆ.

ಲಾಮ್ ಮುಚ್ಚಳ ತೆಗೆದಳು. ಮೂರನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹೋ ಲೆಕ್," ಎಂದಳು.

ಈ ಸಲ ಅರ್ಥಕ್ಕಾಗಿ ಒದ್ದಾಡಲಿಲ್ಲ. ಥೇಟ್ ಹಾಲು ಚೆಲ್ಲಿದ ದಿನದ ನಮ್ಮ ಅತ್ತೆಯ ದನಿ. ತಲೆ ತಗ್ಗಿಸಿಕೊಂಡೇ ಚಹಾಕ್ಕೆ ಒಳಗೆ ಹೋದೆ.