ಗುಡ್ಡಕ್ಕೆ ಮುಖ ಮಾಡಿದ ವಠಾರ

ಕೈಗೆ ಕೆಲಸವಿಲ್ಲದಿದ್ದರೆ ನನ್ನ ಕಾಲು ಸುಮ್ಮನಿರುವುದಿಲ್ಲ. ಹೊಸಪೇಟೆಯ ನನ್ನ ಅಕ್ಕಿ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಚೀಲಗಳನ್ನು ಈ ಗೋಡೆಯಿಂದ ಆ ಗೋಡೆಗೆ ಸಾಗಿಸುತ್ತೇನೆ. ಆಮೇಲೆ ಮೊದಲಿದ್ದ ಜಾಗವೇ ಚೆನ್ನಾಗಿತ್ತು ಅನ್ನಿಸುತ್ತದೆ. ಇಂಥ ನಾನು ಒಮ್ಮೆ ಮದರಾಸಿಗೆ ಹೋಗಿ, ಅಲ್ಲಿ ಒಂದರ ತಲೆಯ ಮೇಲೊಂದು ಮನೆಯಿದ್ದ ವಠಾರ ನೋಡಿ ಬಂದೆ. ಅಂದಿನಿಂದ ನಾನು ಇಂಜಿನಿಯರ್! ಸರ್ಕಾರಕ್ಕೆ ಮಾತ್ರ ಈ ವಿಷಯ ತಿಳಿದಿರಲಿಲ್ಲ.

ನನ್ನ ಹೆಂಡತಿ ನೀಲಮ್ಮನ ತವರು ಸಂಡೂರಿನ ಕಡೆ, ಗುಡ್ಡದ ಓರೆಯಲ್ಲಿರುವ ಹಳ್ಳಿ. ಅವಳ ನಾಲ್ವರು ತಮ್ಮಂದಿರಿಗೆ ಒಂದೇ ದ್ರಾಕ್ಷಿ ಚಪ್ಪರ, ಒಂದೇ ಮನೆ, ಒಂದೇ ಒಲೆ. ಆ ಒಲೆಯ ಮುಂದೆ ನಾಲ್ವರ ಹೆಂಡಂದಿರು. ಜಗಳ ಒಲೆಯಿಂದ ಚಪ್ಪರಕ್ಕೆ ಹಬ್ಬಿತು. ಅಣ್ಣತಮ್ಮಂದಿರು ಮಾತು ಬಿಟ್ಟರು. ಬಳ್ಳಿಗಳನ್ನು ಕಡಿದು ಚಪ್ಪರವನ್ನು ನಾಲ್ಕು ಪಾಲು ಮಾಡುವ ತನಕ ವಿಷಯ ಬಂತು.

ನೀಲಮ್ಮ ಅಳುತ್ತಾ ಕೂತಳು. “ಅವರು ಬ್ಯಾರೆ ಆದ್ರ ನಾಗರಪಂಚಮಿಗೆ ನಾ ಯಾರ ಬಾಗ್ಲಿಗೆ ಹೋಗ್ಲಿ ಹೇಳ್ರಿ? ಒಬ್ಬನ ಮನೀಗೆ ಹೋದ್ರ ಉಳಿದ ಮೂವರು ಮಾರಿ ತಿರುವ್ತಾರ!”

“ಅಳಬ್ಯಾಡ. ಒಂದೇ ಕಟ್ಟಡ, ನಾಕು ಮನಿ. ಕೆಳಗ ಎರಡು, ಮ್ಯಾಲ ಎರಡು. ಒಲಿ ಬ್ಯಾರೆ, ಚಪ್ಪರ ಒಂದೇ. ನಕ್ಷೆ ನಾ ಬರೀತೀನಿ!”

ಅವಳ ಅಳು ಥಟ್ಟನೆ ನಿಂತಿತು. “ನೀವಾ?” ಎಂದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಹಿರಿಯವನಾದ ಪಂಪಾಪತಿ ಮೊದಲ ತಕರಾರು ತೆಗೆದ. “ಮಾವಾರೆ, ತಮ್ಮನ ಕಾಲ ಕೆಳಗ ನಾ ಮಲಗಂಗಿಲ್ಲ.”

ಸರಿ, ಅವನಿಗೆ ಮೇಲಿನ ಮನೆ. ಆದರೆ ಅವನ ಹೆಂಡತಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರಳು. ಇಲ್ಲಿ ನನ್ನ ಬುದ್ಧಿ ಮಿಂಚಿತು! ಗುಡ್ಡದ ಓರೆಯನ್ನು ಕಡಿದು, ಕಟ್ಟಡವನ್ನು ಅದಕ್ಕೆ ಒತ್ತಿ ನಿಲ್ಲಿಸಿದರೆ, ಗುಡ್ಡದ ಮೇಲಿನ ದಾರಿಯಿಂದಲೇ ಮೇಲಿನ ಮನೆಗೆ ಕಾಲಿಡಬಹುದು. ಮೆಟ್ಟಿಲೇ ಬೇಡ!

ಕಿರಿಯವನಾದ ಕೊಟ್ರ ಗೋಡೆಯ ಕಡೆ ನೋಡುತ್ತಾ ಹೇಳಿದ: “ನನಗ ಕೆಳಗಿನ ಮನಿ ನಡೀತೈತಿ. ಬಾಗ್ಲು ಮೂಡಕ್ಕ ಇರಬೇಕು.”

“ಅವನಿಗೆ ಹೇಳ್ರಿ ಮಾವಾರೆ, ನಂದೂ ಮೂಡಕ್ಕ,” ಎಂದ ಪಂಪಾಪತಿ, ಕೊಟ್ರ ಒಂದು ಮಾರು ದೂರದಲ್ಲೇ ಕೂತಿದ್ದರೂ. ನಡುವಿನ ಇಬ್ಬರೂ ನನ್ನ ಮುಖಾಂತರವೇ ಮೂಡಣ ಬೇಡಿದರು.

ಅಂಗಡಿಯಲ್ಲಿ ಕೂತು ನಕ್ಷೆ ಬರೆದೆ. ನಾಲ್ಕೂ ಬಾಗಿಲು ಮೂಡಣಕ್ಕೆ. ಗುಡ್ಡವನ್ನು ಮಾತ್ರ ಬರೆಯಲಿಲ್ಲ. ಅದು ಎಲ್ಲಿಗೆ ಹೋಗುತ್ತದೆ, ಇದ್ದಲ್ಲೇ ಇರುತ್ತದಲ್ಲ! ಇದ್ದಲ್ಲೇ ಇತ್ತು. ಮೂಡಣಕ್ಕೆ!

ಇದು ಗೊತ್ತಾದದ್ದು ಬಾಗಿಲ ಚೌಕಟ್ಟು ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ, ಅಯ್ಯನವರು ಪೂಜೆ ಮುಗಿಸಿದ ಮೇಲೆ. ಕೆಳಗಿನ ಮನೆಗಳ ಬಾಗಿಲ ಎದುರಿಗೆ, ಕಡಿದ ಬಂಡೆ ಎದೆಯೆತ್ತಿ ನಿಂತಿತ್ತು. ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು ಸಂದಿ.

“ಮೇಸ್ತ್ರಿ, ಮೊದ್ಲೇ ಹೇಳಬಾರದೇನೋ?”

“ಸಾವ್ಕಾರ್ರು ಮದರಾಸ್ ನೋಡಿ ಬಂದೋರು,” ಎಂದ ಮೇಸ್ತ್ರಿ. “ಅಲ್ಲಿ ಹಿಂಗ ಇರ್ತೈತೇನೋ ಅನ್ಕಂಡೆ.”

ಪೂಜೆಯಾದ ಚೌಕಟ್ಟು ಕೀಳುವಂತಿಲ್ಲ. ಬಂಡೆಯೂ ಜಗ್ಗುವಂತಿಲ್ಲ. ಮೇಸ್ತ್ರಿ ಬೆವರು ಸುರಿಸಿ ಬಂಡೆ ಕೆತ್ತಿ, ಸಂದಿಯನ್ನು ಎರಡು ಗೇಣು ಹಿಗ್ಗಿಸಿದ. ಆಮೇಲೆ ನಾನು ಪಡುವಣ ಗೋಡೆಗೆ ದೊಡ್ಡ ಕಿಟಕಿ ಇಡಿಸಿದೆ. ಕಟ್ಟಡ ಮುಗಿಯುವ ಹೊತ್ತಿಗೆ ಕೆಲಸದವರೆಲ್ಲ ಕಿಟಕಿಯಿಂದಲೇ ಓಡಾಡುತ್ತಿದ್ದರು. ನಾನೂ ಪಂಚೆ ಎತ್ತಿಕೊಂಡು ಹಾಗೇ ಇಳಿಯುತ್ತಿದ್ದೆ. ಹೊಸ ಪದ್ಧತಿ ಎಂದೆ. ಯಾರೂ ನಗಲಿಲ್ಲ.

ಗೃಹಪ್ರವೇಶದ ದಿನ ಬಂತು. ಅಯ್ಯನವರು ಹೇಳಿದರು: “ಮೊದಲು ಆಕಳು ಒಳಗ ಹೋಗ್ಲಿ. ತಲಬಾಗಿಲಿಂದ.”

“ಕಿಟಕಿಯಿಂದ ನಡೆಯೋದಿಲ್ರೀ?” ಎಂದೆ ಮೆಲ್ಲಗೆ. ಅಯ್ಯನವರು ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಹೂಮಾಲೆ ಹಾಕಿದ ಆಕಳು ಸಂದಿಯೊಳಗೆ ಹೋಯಿತು. ಕೊಟ್ರನ ಬಾಗಿಲ ತನಕ ನೆಟ್ಟಗೆ ಹೋಯಿತು. ಅಲ್ಲಿ ತಿರುಗಬೇಕಿತ್ತು. ಆಕಳಿನ ಉದ್ದ ನನ್ನ ನಕ್ಷೆಯಲ್ಲಿ ಇರಲಿಲ್ಲ! ಕೊಂಬು ಚೌಕಟ್ಟಿಗೆ, ಹಿಂಭಾಗ ಬಂಡೆಗೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದರ ಕೂಗಿಗೆ ಹಳ್ಳಿಯೆಲ್ಲ ಸೇರಿತು.

“ಲೇ ಕೊಟ್ರಾ, ಕೊಂಬು ಹಿಡಿಯೋ!” ಪಂಪಾಪತಿ ಚೀರಿದ. ತಮ್ಮನೊಡನೆ ನೇರ ಮಾತು!

“ಹಿಡಿದೀನಿ ಅಣ್ಣಾ, ನೀ ಬಾಲ ಬಿಡು, ಜಗ್ಗಬ್ಯಾಡ!”

ನಡುವಿನ ಇಬ್ಬರು ಕಿಟಕಿಯಿಂದ ಒಳಗೆ ಹಾರಿ ಚೌಕಟ್ಟಿಗೆ ಹಾರೆ ಹಾಕಿದರು. ಪೂಜೆಯ ಚೌಕಟ್ಟು ಕಿತ್ತು ಬಂತು, ಜೊತೆಗೆ ಅರ್ಧ ಗೋಡೆ. ಆಕಳು ಒಳಗೆ ಬಿದ್ದು, ಎದ್ದು, ಮಂಗಳಾರತಿ ತಟ್ಟೆ ತುಳಿದು, ಕಿಟಕಿಯನ್ನೊಮ್ಮೆ ನೋಡಿತು. ಹಾರಲಿಲ್ಲ. ಅದಕ್ಕೆ ನಮಗಿಂತ ಹೆಚ್ಚು ಮರ್ಯಾದೆಯಿತ್ತು.

ನಾಲ್ವರೂ ಒಂದೇ ಧೂಳಿನಲ್ಲಿ ಕೆಮ್ಮುತ್ತಾ, ಒಬ್ಬರನ್ನೊಬ್ಬರು ನೋಡಿ ನಗಲಾರಂಭಿಸಿದರು. ನಕ್ಕು ಮುಗಿದ ಮೇಲೆ ನನ್ನ ಕಡೆ ತಿರುಗಿದರು.

ಮುಂದಿನ ವಾರ ನಾಲ್ವರೂ ಒಂದೇ ಬಂಡಿಯಲ್ಲಿ ಹೊಸಪೇಟೆಗೆ ಬಂದರು. “ಅಕ್ಕಾ, ಹಳೇ ಮನ್ಯಾಗ ಇರ್ತೀವಿ. ಇನ್ನೊಂದು ಅಡಿಗಿಮನಿ ಹಾಕಸ್ತೀವಿ. ಚಪ್ಪರದ ತಂಟೀಗೆ ಹೋಗಂಗಿಲ್ಲ. ಪಂಚಮಿಗೆ ಬಾ,” ಎಂದ ಪಂಪಾಪತಿ. ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನ್ನ ಕಾಲು ಆಗಲೇ ತುಡಿಯುತ್ತಿತ್ತು. “ಅಡಿಗಿಮನೀಗೆ ಒಂದು ಸಣ್ಣ ನಕ್ಷೆ...”

“ಬ್ಯಾಡ್ರೀ ಮಾವಾರೆ!” ಎಂದರು ನಾಲ್ವರೂ, ಒಂದೇ ದನಿಯಲ್ಲಿ.

ಒಡೆದ ಮನೆಯನ್ನು ಇಷ್ಟು ಗಟ್ಟಿಯಾಗಿ ಒಂದುಗೂಡಿಸಿದ ಇಂಜಿನಿಯರ್ ಈ ಸೀಮೆಯಲ್ಲೇ ಇನ್ನೊಬ್ಬನಿಲ್ಲ. ಆದರೂ ಆ ವರ್ಷ ನನ್ನನ್ನು ಪಂಚಮಿಗೆ ಕರೆಯಲಿಲ್ಲ.