ಆರು ಹಲ್ಲಿನ ರಿವಾಲ್ವರ್

ಯಾವುದನ್ನೂ ಆರಿಸಿಕೊಳ್ಳಲು ಬಾರದವನು ನಾನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಪ್ಪಲಿ ತರಲು ಪೇಟೆಗೆ ಹೋಗಿ, ಕರಿಯದೋ ಕಂದುಬಣ್ಣದ್ದೋ ಎಂದು ಸಂಜೆಯವರೆಗೆ ಯೋಚಿಸಿ, ಕಾಲಲ್ಲಿದ್ದ ಹಳೆಯದನ್ನೇ ಹೊಲಿಸಿಕೊಂಡು ಬಂದ ಮನುಷ್ಯ. ಹೆಂಡತಿಯನ್ನು ಹಿರಿಯರು ಆರಿಸಿದರು, ಹಾಗಾಗಿ ನನಗೆ ಮದುವೆಯಾಯಿತು. ಇಂಥವನಿಗೆ ಎಪ್ಪತ್ತರ ದಶಕದಲ್ಲಿ ಸರಕಾರ ರಿವಾಲ್ವರಿನ ಲೈಸೆನ್ಸ್ ಕೊಟ್ಟಿತು! ಬೈಲಹೊಂಗಲದ ಹತ್ತಿ ಗಿರಣಿಯೊಂದರಲ್ಲಿ ನಾನು ಮ್ಯಾನೇಜರ್. ವಾರಕ್ಕೊಮ್ಮೆ ಆಳುಗಳ ಪಗಾರ ಹಿಡಿದು ರಾಮದುರ್ಗದ ಶಾಖೆಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಸವದತ್ತಿ ದಾಟಿದ ಮೇಲೆ ಪಕ್ಕದವನು ಕೆಮ್ಮಿದರೂ ಎದೆ ಡವಡವ. ಜೊತೆಗೆ ಗುರಿ ಹೊಡೆಯುವ ಹುಚ್ಚು ಬೇರೆ. ಚಿಕ್ಕಂದಿನಲ್ಲಿ ಹುಣಸೆಕಾಯಿಗೆ ಕಲ್ಲು ಬೀರಿ ಮಾಸ್ತರರ ಮನೆಯ ಹೆಂಚು ಒಡೆದಿದ್ದೆ.

ಎರಡು ಸಲ ಬೆಳಗಾವಿಯ ಬಂದೂಕಿನ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದೆ. ಲೈಸೆನ್ಸಿನಲ್ಲಿ ಬರೆದ ಖರೀದಿಯ ಅವಧಿ ಮುಗಿಯಲು ಮೂರೇ ದಿನ ಉಳಿದವು. ಮುಗಿದರೆ ಮತ್ತೆ ಅರ್ಜಿ, ಮತ್ತೆ ಕಚೇರಿ ಅಲೆದಾಟ. ಹೆಂಡತಿ ಹೇಳಿದಳು: "ನಿಮ್ಮಿಂದ ಆಗೂದಲ್ಲ ಹೋಗೂದಲ್ಲ. ನಮ್ಮ ಅಪ್ಪನ್ನ ಕರಕೊಂಡ ಹೋಗ್ರಿ."

ನೇಸರಗಿಯ ನಮ್ಮ ಮಾವನವರು ಎತ್ತು ಆರಿಸುವುದರಲ್ಲಿ ಹೆಸರುವಾಸಿ. ರಿವಾಲ್ವರನ್ನು ಅವರು ಕಣ್ಣಾರೆ ಕಂಡೇ ಇರಲಿಲ್ಲ. "ಅಳಿಯಂದ್ರ, ಎತ್ತಿಗೂ ಬಾಯಿ ಐತಿ, ಪಿಸ್ತೂಲಿಗೂ ಬಾಯಿ ಐತಿ. ಬಾಯಿ ನೋಡಿದ್ರ ಮುಗೀತು, ನಡೀರಿ" ಎಂದು ಹೊರಟೇಬಿಟ್ಟರು.

ಅಂಗಡಿಯ ಮಾಲೀಕರು ಎರಡು ರಿವಾಲ್ವರ್ ಇಟ್ಟರು: ಒಂದು ಹಳೆಯ ವಿಲಾಯತಿ, ಇನ್ನೊಂದು ಅಗ್ಗದ ದೇಶಿ. ಮಾವ ಎರಡರ ಬೆನ್ನನ್ನೂ ಸವರಿದರು. ಗುಂಡು ತುಂಬುವ ಗಾಲಿ ತೆರೆಸಿ, ಎತ್ತಿನ ವಯಸ್ಸು ತಿಳಿಯಲು ಹಲ್ಲು ಎಣಿಸುವಂತೆ, ತೂತುಗಳನ್ನು ಎಣಿಸಿದರು. "ವಿಲಾಯತಿದಕ್ಕ ಐದ ಹಲ್ಲು. ಒಂದು ಉದುರೇತಿ, ಮುದುಕ ಆಗೇತಿ. ಇದಕ್ಕ ನೋಡ್ರಿ, ಆರ ಹಲ್ಲು! ದುಡಿಯೋ ವಯಸ್ಸು!" ತಿಂಗಳುಗಟ್ಟಲೆ ನನ್ನಿಂದಾಗದ ಆಯ್ಕೆ ಐದು ನಿಮಿಷದಲ್ಲಿ ಮುಗಿಯಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ದನದ ಪೇಟೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಮಾವ ಹೆಗಲ ಮೇಲಿನ ಟವೆಲ್ಲನ್ನು ಮಾಲೀಕರ ಕೈಮೇಲೆ ಹೊದಿಸಿ ಒಳಗೆ ಬೆರಳು ಹಿಡಿದರು.

"ಗೌಡ್ರ, ಕೈ ಬಿಡ್ರಿ! ಇದು ಸರಕಾರಿ ರೇಟು!"

"ಇರವಲ್ದ್ಯಾಕ. ನೀವು ಬೆರಳ ಹೇಳ್ರಿ."

ನಾನು ನಾಚಿಕೆಯಿಂದ ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ದರ ಒಂದು ಪೈಸೆ ಇಳಿಯಲಿಲ್ಲ. ಆದರೆ "ಎತ್ತು ಮಾರಿದಾವ ಹಗ್ಗ ಇಟ್ಕೋತಾನೇನ್ರಿ?" ಎಂದು ಮಾವ ಕೇಳಿದಾಗ ಮಾಲೀಕರು ಹೊಟ್ಟೆ ಹಿಡಿದು ನಕ್ಕು, ಸೊಂಟಕ್ಕೆ ಕಟ್ಟುವ ಚರ್ಮದ ಚೀಲವನ್ನು ಪುಕ್ಕಟೆ ಕೊಟ್ಟರು.

ಗಿರಣಿಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಗಡಿಗೆ ಒರಗಿಸಿಟ್ಟು ಗುರಿ ಹೊಡೆದೆ. ಐದು ಗುಂಡು ಮಣ್ಣು ತಿಂದವು. ಆರನೆಯದಕ್ಕೆ ಗಡಿಗೆ ಚೂರುಚೂರು! "ಹೇಳಿರಲಿಲ್ಲೇನು? ಐದ ಹಲ್ಲಿಂದ ತಂದಿದ್ರ ಗಡಿಗಿ ಉಳೀತಿತ್ತು!" ಎಂದು ಮಾವ ಕುಣಿದರು. ನಾನೂ ಕುಣಿದೆ.

ಪಗಾರದ ದಿನ ರಿವಾಲ್ವರ್ ಕಟ್ಟಿಕೊಂಡು, ಎದೆಯುಬ್ಬಿಸಿ ಬಸ್ ನಿಲ್ದಾಣಕ್ಕೆ ಹೋದರೆ ಅಲ್ಲಿ ಮಾವ ಬಡಿಗೆ ಹಿಡಿದು ನಿಂತಿದ್ದಾರೆ!

"ಇದೇನ್ರಿ ಮಾವಾರ?"

"ರೊಕ್ಕ ಕಳದ್ರ ಗಿರಣಿಯವರದು ಹೋಗತೈತಿ. ಪಿಸ್ತೂಲ ಕಳದ್ರ ಪೊಲೀಸರು ನಿಮ್ಮನ್ನ ಒಯ್ತಾರ. ಅದನ್ನ ಕಾಯಾಕ ಯಾರರ ಬೇಕಲ್ರಿ?"

ಅಂದಿನಿಂದ ಪ್ರತಿ ವಾರವೂ ಅವರು ಬಂದರು. ಸವದತ್ತಿ ದಾಟಿದ ಮೇಲೆ ಯಾರು ಕೆಮ್ಮಿದರೂ ನನಗೆ ಕೇಳಿಸುತ್ತಿರಲಿಲ್ಲ. ಸೊಂಟದಲ್ಲಿ ಆರು ಹಲ್ಲಿನ ರಿವಾಲ್ವರ್ ಇಟ್ಟುಕೊಂಡು, ಮಾವನವರ ಹೆಗಲಿಗೆ ತಲೆಯಾನಿಸಿ, ರಾಮದುರ್ಗ ಬರುವವರೆಗೂ ಗೊರಕೆ ಹೊಡೆಯುತ್ತಿದ್ದೆ.